ಎಂಟನೆಯ ಅಂಚು

ವೆಂಕಟೇಶಪ್ಪನವರ ಬೀದಿಯಲ್ಲಿ ಮಗ್ಗದ ಮೇಲೆ ಬಿಳಿ ಪಂಚೆ ಹೊದಿಸಿದ್ದರೆ ಅದನ್ನು ಯಾರೂ ಎತ್ತಿ ನೋಡುವುದಿಲ್ಲ. ಆ ಪಂಚೆಗೆ ಕಟ್ಟಿಲ್ಲ, ಗಂಟಿಲ್ಲ. ಜೋರಾಗಿ ಗಾಳಿ ಬಂದರೆ ತಾನೇ ಸರಿದುಹೋಗುವಷ್ಟು ಹಗುರ. ಆದರೂ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರು, ರೇಷ್ಮೆ ತಂದುಕೊಡುವವರು, ಕರೆಂಟಿನ ಬಿಲ್ಲು ಹರಿದುಕೊಡುವವರು, ಎಲ್ಲರೂ ಅದರ ಪಕ್ಕದಲ್ಲಿ ಕಣ್ಣು ತಗ್ಗಿಸಿಕೊಂಡು ಹಾದುಹೋಗುತ್ತಾರೆ. ಒಂದು ಮನೆಯವರು ಮದುವೆಗೆಂದು ಹೇಳಿ ನೇಯಿಸುವ ಸೀರೆಯ ಅಂಚು, ಆ ಮದುಮಗಳು ಉಡುವ ತನಕ ಆ ಮನೆಯದೇ. ಅಲ್ಲಿಯವರೆಗೆ ಅದನ್ನು ಇನ್ನೊಬ್ಬರಿಗೆ ನೇಯುವುದಿರಲಿ, ತೋರಿಸುವುದೂ ಇಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಹರಿಪ್ರಿಯಾ ಆ ಪಂಚೆಯ ಪಕ್ಕದಲ್ಲೇ ಬೆಳೆದವಳು. ವೆಂಕಟೇಶಪ್ಪ, ಓಬಳಮ್ಮ ದಂಪತಿಯ ಒಬ್ಬಳೇ ಮಗಳು. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಾಗ ತಂದೆ ಅವಳ ಕೈಗೆ ಕೊಟ್ಟದ್ದು ತೂತು ಹೊಡೆಯುವ ಕೆಲಸ. ಸೀರೆಯ ಅಂಚನ್ನು ಮೊದಲು ಚೌಕದ ಹಾಳೆಯ ಮೇಲೆ ಬರೆದು, ಆಮೇಲೆ ಅದರ ಪ್ರಕಾರ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗದ ಮೇಲೆ ಸಾಲಾಗಿ ನೇತುಹಾಕುತ್ತಾರೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಹರಿಪ್ರಿಯಾ ಎಲ್ಲವನ್ನೂ ಎರಡು ಸಲ ಎಣಿಸುವುದನ್ನು ಕಲಿತಳು. ಮಾತು ಕಡಿಮೆ. ಬಂದವರ ಮುಂದೆ ನೀರಿನ ಲೋಟ ಇಟ್ಟು ಒಳಗೆ ಹೋದರೆ ಅವರು ಎದ್ದುಹೋದ ಮೇಲೇ ಹೊರಗೆ ಬರುವವಳು. ಎದುರು ಮನೆಯ ಅಶ್ವಥ್ ಅವಳನ್ನು ರೇಗಿಸುತ್ತಿದ್ದ, ಪ್ರಿಯಕ್ಕ ಒಂದು ತೂತು ಹೊಡೆಯಬೇಕಾದರೂ ಪಂಚಾಂಗ ನೋಡ್ತಾಳೆ ಎಂದು.

ಮೂವತ್ತರ ಹೊತ್ತಿಗೆ ಅವಳು ಯಾರಿಗೂ ಹೇಳದೆ ಇನ್ನೊಂದು ಕೆಲಸ ಕಲಿತಳು. ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಮೊಬೈಲಿನಲ್ಲಿ ಪಾಠಗಳನ್ನು ನೋಡಿ, ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಬರೆಯಲು ಕೂತಳು. ಅದು ಅವಳಿಗೆ ಪರಕೀಯ ಅನಿಸಲಿಲ್ಲ. ಇಲ್ಲೂ ಒಂದು ಸಾಲು ಬರೆದರೆ ಒಂದು ಏಳುತ್ತದೆ, ಇನ್ನೊಂದು ಕೆಳಗೆ ಉಳಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ಅವಳು ಮೊಬೈಲಿನಲ್ಲಿ ತೆರೆಯುವಂಥ ಒಂದು ಪುಟ ಮಾಡಿದಳು. ಅದನ್ನು ತೆರೆದವರು ಮೊದಲು ಒಡಲಿನ ಬಣ್ಣ ಮುಟ್ಟಬೇಕು, ಆಮೇಲೆ ಅಂಚು, ಆಮೇಲೆ ಸೆರಗು. ಮುಟ್ಟಿದಂತೆಲ್ಲ ಸೀರೆ ಕಣ್ಣೆದುರಿಗೇ ಬದಲಾಗುತ್ತದೆ. ಮೊದಲ ಸಲ ತೋರಿಸಿದಾಗ ವೆಂಕಟೇಶಪ್ಪ ಕನ್ನಡಕ ಒರೆಸಿಕೊಂಡು ಬಂದು ನೋಡಿ, ಬಂದವರಿಗೆ ಸೀರೆ ಗಂಟು ಬಿಚ್ಚಿ ಹರಡಿ ಮತ್ತೆ ಮಡಚಿಡುವ ಕೆಲಸ ಇನ್ನು ಮೇಲೆ ತಪ್ಪಿತು ಎಂದರು. ಅವರು ಮಗಳನ್ನು ಹೊಗಳುವುದು ಹಾಗೆ.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಚಳ್ಳಕೆರೆಯಿಂದ ಮಂಜುಳಮ್ಮ ಬಂದರು. ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಏಕಾಂತಪ್ಪನವರ ಹೆಂಡತಿ. ಮಗಳು ದೀಪಿಕಾಳ ಮದುವೆ ಗೊತ್ತಾಗಿತ್ತು. ಕೈಯಲ್ಲಿ ಹಳೆಯ ಲೆಕ್ಕದ ಪುಸ್ತಕವಿತ್ತು. ಅದರ ಕೊನೆಯ ಹಾಳೆಗಳಲ್ಲಿ ಚುಕ್ಕಿ ಇಟ್ಟು ಬಿಡಿಸಿದ ರಂಗೋಲಿ. ಅವರ ಅತ್ತೆ ಬಸವಲಿಂಗಮ್ಮ ಬದುಕಿರುವ ತನಕ ದಿನಾ ಬೆಳಿಗ್ಗೆ ಮಿಲ್ಲಿನ ಬಾಗಿಲಿಗೆ ಹಾಕುತ್ತಿದ್ದ ರಂಗೋಲಿ ಅದು. ಕಡ್ಲೆಕಾಯಿ ಗಿಡದ ಬಳ್ಳಿ, ಕೆಳಗೆ ಜೋಡಿ ಜೋಡಿ ಕಾಯಿ, ಕೊನೆಗೆ ಬಳ್ಳಿ ತಿರುಗಿ ತನ್ನ ಬುಡಕ್ಕೇ ಸೇರುವುದು. ಇದು ಅಂಚಿಗೆ ಬರಬೇಕು, ಅಜ್ಜಿ ಇಲ್ಲದ ಮದುವೆಗೆ ಅಜ್ಜಿ ಹೀಗಾದರೂ ಬರಲಿ ಎಂದು ಮಂಜುಳಮ್ಮ ಹೇಳಿದರು.

ಹರಿಪ್ರಿಯಾ ಅದನ್ನು ಚೌಕದ ಹಾಳೆಗೆ ಇಳಿಸಿದಳು, ರಟ್ಟು ಹೊಡೆದಳು. ನೇಯಲು ಕೂತವರು ಯತ್ತಪ್ಪ. ಹತ್ತೊಂಬತ್ತು ವರ್ಷದಿಂದ ಆ ಮನೆಯ ಎರಡನೆಯ ಮಗ್ಗ ಅವರದೇ. ಮನೆಯವರಲ್ಲದಿದ್ದರೂ ಹರಿಪ್ರಿಯಾ ಅವರನ್ನು ಮಾಮ ಎಂದೇ ಕರೆಯುವಳು. ಉದ್ದೆಳೆಗಳ ಹಾಸನ್ನು ಮಗ್ಗಕ್ಕೆ ಏರಿಸಿ ಬಳ್ಳಿಯ ಮೊದಲ ಸಾಲು ಬಿದ್ದ ದಿನವೇ ಅವರು ಪೆಟ್ಟಿಗೆಯಿಂದ ಪಂಚೆ ತೆಗೆದು, ಮಧ್ಯಾಹ್ನ ಊಟಕ್ಕೆ ಏಳುವಾಗ ಮಗ್ಗದ ಮೇಲೆ ಹೊದಿಸಿದರು.

ಇನ್ನು ಹರಿಪ್ರಿಯಾಳ ತಪ್ಪನ್ನು ಹೇಳಬೇಕು.

ಅವಳ ಪುಟದಲ್ಲಿ ಹತ್ತು ಅಂಚುಗಳಿದ್ದವು. ಅವುಗಳಲ್ಲಿ ಎಂಟನೆಯದು ಈ ಕಡ್ಲೆಬಳ್ಳಿ. ಸುಮ್ಮನೆ ಪರೀಕ್ಷೆಗೆಂದು ಹಾಕಿಕೊಂಡಿದ್ದಳು, ಏಕೆಂದರೆ ಅದರಷ್ಟು ತಿರುವು ಮುರುವು ಇನ್ನಾವ ಅಂಚಿಗೂ ಇರಲಿಲ್ಲ. ಅದು ಸರಿಯಾಗಿ ಕಂಡರೆ ಉಳಿದವೆಲ್ಲ ಸರಿ. ಪುಟವನ್ನು ಊರಿಗೆ ತೋರಿಸುವ ಮುಂಚೆ ಅದನ್ನು ತೆಗೆಯಬೇಕೆಂದು ಚೀಟಿಯಲ್ಲಿ ಬರೆದು ಗೋಡೆಗೂ ಅಂಟಿಸಿದ್ದಳು. ತೆಗೆಯಲು ಹೋದಾಗ ಉಳಿದ ಅಂಚುಗಳ ಲೆಕ್ಕ ತಪ್ಪಿ ಸೆರಗು ಕಾಣದಂತಾಯಿತು. ಸರಿಮಾಡಲು ಎರಡು ಮೂರು ದಿನ ಬೇಕಿತ್ತು. ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಎಂಟನೆಯದನ್ನು ತೆಗೆಯುವುದು ಬೇಡ, ಕಾಣದಂತೆ ಮುಚ್ಚಿದರೆ ಸಾಕು. ಅದಕ್ಕೆ ಒಂದೇ ಸಾಲು ಬರೆದರಾಯಿತು. ಬರೆದಳು. ಅಂಚು ಮರೆಯಾಯಿತು. ಮಗ್ಗದ ಮೇಲೆ ಪಂಚೆ ಹೊದಿಸಿದಂತಾಯಿತು ಎಂದುಕೊಂಡು ಸ್ವಲ್ಪ ಹೆಮ್ಮೆಯನ್ನೂ ಪಟ್ಟಳು. ಚೀಟಿಯನ್ನು ಗೋಡೆಯಿಂದ ಕಿತ್ತಳು.

ಆಮೇಲೆ ಪುಟವನ್ನು ಸರ್ವರಿಗೆ ಏರಿಸಿದಳು. ಸರ್ವರ್ ಅಂದರೆ ಎಲ್ಲೋ ದೂರದ ಊರಿನಲ್ಲಿ ಹಗಲು ರಾತ್ರಿ ಆರದೆ ಉರಿಯುವ ಒಂದು ಕಂಪ್ಯೂಟರ್. ಅದರಲ್ಲಿ ಒಂದು ಮೂಲೆಯನ್ನು ವರ್ಷದ ಬಾಡಿಗೆಗೆ ಹಿಡಿದಿದ್ದಳು. ನಮ್ಮ ಫೈಲುಗಳನ್ನು ಅಲ್ಲಿ ಇಟ್ಟರೆ, ವಿಳಾಸ ಗೊತ್ತಿದ್ದವರು ಯಾರೇ ಕೇಳಲಿ ಅದು ಒಂದೊಂದು ಪ್ರತಿ ಕಳಿಸುತ್ತದೆ. ಮೊದಲ ಸಲ ಏರಿಸಿದಾಗ ಮೊಬೈಲಿನಲ್ಲಿ ಬರೀ ಬಿಳಿ ಹಾಳೆ ಬಂತು. ಚಿತ್ರಗಳ ದಾರಿಯನ್ನು ಅವಳು ತನ್ನ ಲ್ಯಾಪ್‌ಟಾಪಿನ ಒಳಗಿನ ದಾರಿಯಾಗಿಯೇ ಬರೆದಿದ್ದಳು. ಬೇರೆಯವರ ಮೊಬೈಲಿಗೆ ಅವಳ ಮನೆಯ ದಾರಿ ಹೇಗೆ ಗೊತ್ತಾಗಬೇಕು? ಒಂದು ಮಧ್ಯಾಹ್ನವಿಡೀ ಕೂತು ತಿದ್ದಿದಳು. ಮತ್ತೆ ಏರಿಸುವಾಗ ನೆಟ್ ಎರಡು ಸಲ ಕಡಿದುಹೋಯಿತು. ಯಾವುದಾದರೂ ಬಿಟ್ಟುಹೋಗಿದೆಯೋ ಎಂದು ಎಣಿಸಿದಳು. ಇಲ್ಲಿ ಅರವತ್ತನಾಲ್ಕು ಫೈಲು, ಅಲ್ಲೂ ಅರವತ್ತನಾಲ್ಕು. ಎರಡನೆಯ ಸಲವೂ ಎಣಿಸಿ ನೆಮ್ಮದಿಯ ಉಸಿರು ಬಿಟ್ಟಳು. ಒಂದೂ ಬಿಟ್ಟುಹೋಗಿರಲಿಲ್ಲ. ಎಂಟನೆಯ ಅಂಚೂ ಜೋಪಾನವಾಗಿ ತಲುಪಿತ್ತು.

ವಿಳಾಸವನ್ನು ನೇಕಾರರ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಚಳ್ಳಕೆರೆಯ ಜವಳಿ ಅಂಗಡಿಗಳಿಗೆ, ಅಲ್ಲಿಂದ ಇನ್ನೆಲ್ಲೆಲ್ಲಿಗೋ ಹೋಯಿತು. ಹೊಗಳಿಕೆ ಬಂತು, ಎರಡು ಸೀರೆಗೆ ಬೇಡಿಕೆಯೂ ಬಂತು. ಓಬಳಮ್ಮ ದಾರಿಯಲ್ಲಿ ಸಿಕ್ಕವರಿಗೆಲ್ಲ ತೆಲುಗಿನಲ್ಲಿ, ಕನ್ನಡದಲ್ಲಿ, ಎರಡು ಸಲ ಹೇಳಿದರು. ಐದು ವಾರ ಹೀಗೆ ಚೆನ್ನಾಗಿಯೇ ಕಳೆಯಿತು.

ಆರನೆಯ ವಾರ ಮಂಜುಳಮ್ಮನ ಕಾರು ಬಾಗಿಲಿಗೆ ಬಂದು ನಿಂತಿತು. ಅವರು ಕೂರಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದು ಸೀರೆ ತೆಗೆದು ಜಗಲಿಯ ಮೇಲೆ ಬಿಚ್ಚಿದರು. ಪವರ್‌ಲೂಮಿನ ಹೊಳಪು ಸೀರೆ, ಅಗ್ಗದ ಜರಿ. ಅಂಚಿನಲ್ಲಿ ಕಡ್ಲೆಬಳ್ಳಿ. ಜೋಡಿ ಕಾಯಿಗಳೂ, ಬುಡಕ್ಕೆ ತಿರುಗಿ ಸೇರುವ ಬಳ್ಳಿಯೂ ಹಾಗೆ ಹಾಗೇ.

"ವೆಂಕಟೇಶಪ್ನೋರೆ, ನಿಮ್ಮನ್ನ ನಂಬಿ ಪುಸ್ತಕ ಕೊಟ್ಟಿದ್ದೆ," ಎಂದರು. "ನಮ್ಮತ್ತೆ ರಂಗೋಲೀನ ಪೇಟ್ಯಾಗೆ ಅಂಗಡಿ ಗೊಂಬೆಗೆ ಉಡ್ಸ್ಯಾರೆ. ದೀಪಿಕಾ ಇನ್ನೂ ಮುಟ್ಟಿಲ್ಲ ಅದನ್ನ."

ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ವೆಂಕಟೇಶಪ್ಪ ಆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು, ಬಹಳ ಹೊತ್ತು. ಈ ಬೀದಿಯಲ್ಲಿ ಆ ಅಂಚನ್ನು ಕಂಡಿದ್ದವರು ಮೂರೇ ಜನ. ಅವರೊಬ್ಬರು, ಮಗಳು ಒಬ್ಬಳು. ಮೂರನೆಯವರು ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಕೂತಿದ್ದರು, ಮತ್ತು ಅವರ ಅಳಿಯ ಹಿಂದಿನ ವರ್ಷ ಬೇರೆ ಊರಿನಲ್ಲಿ ಪವರ್‌ಲೂಮಿನ ಕೆಲಸಕ್ಕೆ ಸೇರಿದ್ದ. ವೆಂಕಟೇಶಪ್ಪ ಬಾಯಿಬಿಟ್ಟು ಕಳ್ಳ ಎನ್ನಲಿಲ್ಲ. ಅಳಿಯ ಈಗ ಎಲ್ಲಿದ್ದಾನೆ ಯತ್ತಪ್ಪ, ಎಂದು ಮಾತ್ರ ಕೇಳಿದರು. ಅಷ್ಟು ಸಾಕಾಯಿತು. ಬೀದಿಯವರೆಲ್ಲ ತಿರುಗಿ ಯತ್ತಪ್ಪನನ್ನು ನೋಡಿದರು.

ಯತ್ತಪ್ಪ ಲಾಳಿಯನ್ನು ಪಕ್ಕಕ್ಕಿಟ್ಟು ಗುಂಡಿಯಿಂದ ಎದ್ದರು. "ನಾನು ಪಂಚೆ ಎತ್ತಿ ಯಾರ್ಗೂ ತೋರ್ಸಿಲ್ಲ ಅಣ್ಣಾ," ಎಂದರು. ಮಗ್ಗದ ಮೇಲೆ ಪಂಚೆಯನ್ನು ಸರಿಯಾಗಿ ಎಳೆದು ಹೊದಿಸಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಅಷ್ಟು ಜನರ ನಡುವೆಯೇ ನಡೆದು ಹೋದರು.

ಹರಿಪ್ರಿಯಾ ಒಳಬಾಗಿಲ ಹಿಂದೆ ನಿಂತಿದ್ದಳು. ಅವಳಿಗೆ ಗೊತ್ತಾಗಿಹೋಗಿತ್ತು. ಆ ಸೀರೆಯ ಅಂಚಿನಲ್ಲಿ ಒಂದು ಕಡೆ ಎಲೆಯ ತುದಿ ಮೊಂಡಾಗಿತ್ತು. ಬಸವಲಿಂಗಮ್ಮನ ರಂಗೋಲಿಯಲ್ಲಿ ಅದು ಚೂಪು. ಮಗ್ಗದ ಮೇಲೂ ಚೂಪು. ಮೊಂಡಾಗಿದ್ದದ್ದು ಅವಳ ಪುಟದಲ್ಲಿ ಮಾತ್ರ, ಚಿತ್ರವನ್ನು ಚಿಕ್ಕದು ಮಾಡುವಾಗ ಅವಳ ಕೈಯಿಂದಲೇ ಆದದ್ದು.

ಆ ಮಧ್ಯಾಹ್ನ ಅವಳು ಸರ್ವರಿನ ದಿನಚರಿ ತೆಗೆದು ನೋಡಿದಳು. ಯಾರು ಯಾವಾಗ ಯಾವ ಫೈಲು ಕೇಳಿದರು ಎಂಬುದನ್ನು ಸರ್ವರ್ ಸಾಲಾಗಿ ಬರೆದಿಟ್ಟಿರುತ್ತದೆ. ಪುಟ ತೆರೆದ ಪ್ರತಿಯೊಬ್ಬರಿಗೂ ಹತ್ತೂ ಅಂಚುಗಳು ಹೋಗಿದ್ದವು. ಮುಚ್ಚಿದ್ದು ಕಾಣುತ್ತಿರಲಿಲ್ಲ, ಅಷ್ಟೇ, ಹೋಗಿರಲಿಲ್ಲ ಎಂದಲ್ಲ. ಅವಳು ಹೊದಿಸಿದ ಪಂಚೆಯನ್ನು ಎತ್ತಿ ನೋಡಲು ಯಾರಿಗಾದರೂ ಎರಡು ಸಲ ಒತ್ತಿದರೆ ಸಾಕಿತ್ತು. ಯಾರೋ ಒಬ್ಬರು ಎತ್ತಿದ್ದರು. ಒಂದೇ ಕಡೆಯಿಂದ, ಎಂಟನೆಯ ಚಿತ್ರವೊಂದನ್ನೇ, ಹನ್ನೊಂದು ಸಲ ಕೇಳಿದ್ದು ಅಲ್ಲಿ ಬರೆದಿತ್ತು. ಅವಳು ಹನ್ನೊಂದನ್ನೂ ಎರಡು ಸಲ ಎಣಿಸಿದಳು. ಆಮೇಲೆ ಅರವತ್ತನಾಲ್ಕನ್ನೂ ಸರ್ವರಿನಿಂದ ಅಳಿಸಿ ಹಾಕಿದಳು.

ಎದ್ದು ತಂದೆಗೆ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಹೇಳೋಣ ಎಂದುಕೊಂಡಳು. ಮಾರನೆಯ ದಿನವೂ ಖಾತ್ರಿ ಮಾಡಿಕೊಳ್ಳುತ್ತಲೇ ಇದ್ದಳು. ಖಾತ್ರಿಯಾಗಲು ಏನೂ ಉಳಿದಿರಲಿಲ್ಲ. ಜೀವಮಾನವೆಲ್ಲ ಅವಳನ್ನು ಕಾದಿದ್ದ ಎಚ್ಚರಿಕೆ ಈಗ ಅವಳಿಗೆ ಅಡಗಿಕೊಳ್ಳುವ ಜಾಗವಾಗಿತ್ತು, ಮತ್ತು ಅದು ಅವಳಿಗೆ ತಿಳಿದೂ ಇತ್ತು. ಎರಡನೆಯ ಮಗ್ಗ ಸದ್ದಿಲ್ಲದೆ ನಿಂತಿತ್ತು. ಯತ್ತಪ್ಪನ ಹೆಂಡತಿ ಪಾಲಮ್ಮ ನಲ್ಲಿಯ ಹತ್ತಿರ ಬಂದಾಗ ಹೆಂಗಸರು ಮಾತು ನಿಲ್ಲಿಸಿದರಂತೆ. ಅದನ್ನು ಓಬಳಮ್ಮ ಊಟ ಬಡಿಸುತ್ತಾ ಹೇಳಿದರು. ಹರಿಪ್ರಿಯಾ ತಲೆ ತಗ್ಗಿಸಿ ಮುದ್ದೆ ಮುರಿದಳು.

ಮೂರನೆಯ ಬೆಳಿಗ್ಗೆ ವೆಂಕಟೇಶಪ್ಪ ತಾವೇ ಆ ಗುಂಡಿಗೆ ಇಳಿದರು. ಮದುವೆಗೆ ಇಪ್ಪತ್ತು ದಿನವಿತ್ತು. ಒಂದು ಸಾಲು ನೇಯ್ದು ಬಡಿದರು, ಎರಡು ಸಾಲು, ಮೂರು. ನಿಲ್ಲಿಸಿ, ಆ ಮೂರು ಸಾಲನ್ನೂ ಉಗುರಿನಿಂದ ಒಂದೊಂದೇ ಎಳೆಯಾಗಿ ಬಿಚ್ಚಿದರು. ಒಬ್ಬರ ಬಡಿತದ ಹಾಗೆ ಇನ್ನೊಬ್ಬರದಿರುವುದಿಲ್ಲ. ಅರ್ಧ ಸೀರೆಗೆ ಕೈ ಬದಲಾದರೆ ಅಲ್ಲಿ ಒಂದು ಪಟ್ಟೆ ಏಳುತ್ತದೆ. ತಂದೆಯ ಬಗ್ಗಿದ ಬೆನ್ನು ನೋಡುತ್ತಾ ನಿಂತಿದ್ದ ಹರಿಪ್ರಿಯಾ ಅಲ್ಲಿಯೇ, ನಿಂತಲ್ಲಿಯೇ, ಎಲ್ಲವನ್ನೂ ಹೇಳಿದಳು. ಎರಡು ದಿನ ಸುಮ್ಮನಿದ್ದದ್ದನ್ನೂ.

ವೆಂಕಟೇಶಪ್ಪ ಬೈಯಲಿಲ್ಲ. "ಪಂಚೆ ಹೊದಿಸಿದ್ದೆ ಅಂತೀಯಲ್ಲ," ಎಂದು ಕೇಳಿದರು. "ಮಗ್ಗ ಎಲ್ಲಿತ್ತು?"

"ಬೀದ್ಯಾಗೆ, ನಾಯ್ನಾ."

ಅವರು ಗುಂಡಿಯಿಂದ ಮೇಲೆ ಬರಲು ಗೋಡೆ ಹಿಡಿದರು. ಅವಳು ಕೈ ಚಾಚಿದಳು. ಅವರು ಗೋಡೆಯನ್ನೇ ಹಿಡಿದು ಎದ್ದರು.

ಚಳ್ಳಕೆರೆಗೆ ಅವಳು ಬಸ್ಸು ಹತ್ತಿ ಒಬ್ಬಳೇ ಹೋದಳು. ದಾರಿಯಲ್ಲಿ ಸಿಗುವ ತಳಕು ಊರು ದಾಟುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು. ಮಿಲ್ಲಿನ ಬಾಗಿಲಲ್ಲಿ ನಿಂತಾಗ ಒಂದೂ ನೆನಪಾಗಲಿಲ್ಲ. ಹೇಗೋ ಹೇಳಿ ಮುಗಿಸಿದಳು. ಮಂಜುಳಮ್ಮ ಕೇಳಿಸಿಕೊಂಡು ಸ್ವಲ್ಪ ಹೊತ್ತು ಅತ್ತರು, ಆಮೇಲೆ ಕಾಫಿ ಕೊಟ್ಟರು. ಅತ್ತೆ ಆ ರಂಗೋಲಿಯನ್ನು ಬಾಗಿಲಿಗೆ ಹಾಕಿದ ಅರ್ಧ ಗಂಟೆಗೆ ಅದರ ಮೇಲೆ ಲಾರಿ ಹಾದು ಅಳಿಸಿ ಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಹಾಕುತ್ತಿದ್ದರು, ಅಂಗಡಿಯವನು ಕದ್ದರೂ ಅದು ಅತ್ತೆಯದೇ ಎಂದರು. ಮದುವೆಗೆ ಅದೇ ಸೀರೆ ಎಂದು ದೀಪಿಕಾಳೂ ಹೇಳಿದಳು. ಇಷ್ಟು ಸುಲಭವಾಗಿ ಕ್ಷಮೆ ಸಿಕ್ಕಿದ್ದು ಹರಿಪ್ರಿಯಾಳಿಗೆ ಬೈಗುಳಕ್ಕಿಂತ ಭಾರವಾಯಿತು. ಹೊರಡುವಾಗ ಮಂಜುಳಮ್ಮ ಕೇಳಿದರು, "ಆ ಹಿರೇರ ಕಥೆ ಏನಮ್ಮ? ಅವತ್ತು ನಾನೂ ಅವ್ರನ್ನೇ ನೋಡಿದ್ದು."

ಆ ಸಂಜೆಯೇ ಅವಳು ಯತ್ತಪ್ಪನ ಮನೆಗೆ ಹೋದಳು. ಅವರು ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಬರಬಹುದೇ ಎಂದು ಕೇಳಿ, ಅವರ ಹಿಂದೆ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಹೇಳಿದಳು. ಪಾಲಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ಯತ್ತಪ್ಪ ಕೊನೆಯವರೆಗೂ ಕೇಳಿದರು. "ನನ್ ಹೆಸ್ರು ಹೋಗಿದ್ದು ಬೀದ್ಯಾಗಮ್ಮ," ಎಂದರು. "ನೀನು ಬಾಗ್ಲು ಹಾಕ್ಕೊಂಡು ಕಿವ್ಯಾಗೆ ಹೇಳಿದ್ರೆ ಅದು ಹೆಂಗ್ ವಾಪಸ್ ಬರ್ತೈತೆ?"

ಏನು ಮಾಡಲಿ ಮಾಮ ಎಂದು ಅವಳು ಕೇಳಿದಳು. ಅದು ನಿನಗೇ ಗೊತ್ತಿರಬೇಕು ಎಂದು ಅವರು ಗೋಡೆಯ ಕಡೆ ನೋಡಿದರು.

ಬೀದಿಯಲ್ಲಿ ನಿಂತು ಕೂಗಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಆದರೆ ಬೀದಿಯವರೆಲ್ಲರ ಕೈಯಲ್ಲೂ ಅವಳ ಪುಟದ ವಿಳಾಸವಿತ್ತು. ಮಾರನೆಯ ದಿನ ಅವಳು ಒಂದೇ ಒಂದು ಫೈಲು ಮಾಡಿದಳು. ಚಿತ್ರವಿಲ್ಲ, ಬಣ್ಣವಿಲ್ಲ. ಮೊದಲು ಬರೆದಾಗ 'ತಾಂತ್ರಿಕ ದೋಷದಿಂದ' ಎಂದು ಶುರುಮಾಡಿದ್ದಳು. ಓದಿ ನೋಡಿ ಅದನ್ನು ಹೊಡೆದು ಹಾಕಿದಳು. 'ಗೊತ್ತಿಲ್ಲದೆ' ಎಂಬುದನ್ನೂ ಹೊಡೆದಳು. ಕೊನೆಗೆ ಉಳಿದದ್ದನ್ನು ಎರಡು ಸಲ ಓದಿ ಸರ್ವರಿಗೆ ಏರಿಸಿದಳು. ಒಂದು ಫೈಲು ಏರಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ವಿಳಾಸವನ್ನು ಮತ್ತೆ ಅದೇ ಗುಂಪಿಗೆ ಹಾಕಿ, ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು ಕೂತಳು.

ಯತ್ತಪ್ಪ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬೀದಿಯಲ್ಲಿ ಕೆಲವರು ಅವಳನ್ನು ಕಂಡು ಮುಖ ತಿರುಗಿಸಿದರು. ಕೆಲವರು ಎಂದಿನಂತೆ ನಕ್ಕರು. ಏನೂ ಅರ್ಥವಾಗಲಿಲ್ಲ. ಕೊನೆಗೆ ಅಶ್ವಥ್ ಎದುರಿನ ಜಗಲಿಯಿಂದ, "ಏನೋ ಬರ್ದೀಯ ಅಂತಾರಲ್ಲ ಪ್ರಿಯಕ್ಕಾ, ನನ್ ಮೊಬೈಲ್ನಾಗೆ ಬರೀ ಸೀರೆ ಕಾಣ್ತಾವೆ," ಎಂದ.

ಆಗ ಅವಳಿಗೆ ಹೊಳೆಯಿತು. ಒಮ್ಮೆ ನೋಡಿದ ಪುಟವನ್ನು ಮೊಬೈಲು ತನ್ನ ಬಳಿಯೇ ಎತ್ತಿಟ್ಟುಕೊಂಡಿರುತ್ತದೆ, ಎರಡನೆಯ ಸಲ ಸರ್ವರಿನವರೆಗೆ ಹೋಗುವ ಕಷ್ಟ ತಪ್ಪಲೆಂದು. ಮೊದಲೇ ನೋಡಿದ್ದವರಲ್ಲಿ ಎಷ್ಟೋ ಜನರಿಗೆ ಹಳೆಯ ಸೀರೆಗಳೇ ಕಾಣುತ್ತಿದ್ದವು. ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಯತ್ತಪ್ಪನ ಮನೆಗೆ ಓಡಿದಳು.

ಅವರು ಕಟ್ಟೆಯ ಮೇಲೇ ಇದ್ದರು. ಆಚೀಚೆ ಮನೆಯ ನಾಲ್ಕೈದು ಜನ ಅಲ್ಲೇ ಕೂತಿದ್ದರು. ಪಾಲಮ್ಮ ತಮ್ಮ ಮೊಬೈಲನ್ನು ಅವಳ ಮುಂದೆ ಹಿಡಿದರು. ಅದರಲ್ಲಿ ನೇರಳೆ ಒಡಲು, ಹಸಿರು ಅಂಚು.

"ಹೆಸ್ರು ವಾಪಸ್ ಕೊಡು ಅಂದ್ರೆ ಬಣ್ಣದ ಸೀರೆ ಕಳ್ಸೀಯಲ್ಲೇ ತಾಯಿ," ಎಂದರು ಪಾಲಮ್ಮ. ಕೂತವರು ನಕ್ಕರು.

ಹರಿಪ್ರಿಯಾ ಮೊಬೈಲು ತೆಗೆದುಕೊಂಡು ಪುಟವನ್ನು ಬೆರಳಿನಿಂದ ಕೆಳಗೆ ಎಳೆದಳು. ಬರಲಿಲ್ಲ. ಮೊಬೈಲು ಎತ್ತಿಟ್ಟುಕೊಂಡದ್ದನ್ನೆಲ್ಲ ಅಳಿಸಿ, ಮತ್ತೆ ತೆರೆದಳು. ಪುಟ್ಟ ಚಕ್ರ ತಿರುಗಿತು. ಸೀರೆ ಹೋಗಿ ಬಿಳಿಯ ಮೇಲೆ ಕಪ್ಪು ಅಕ್ಷರ ಬಂದವು. ಅವಳು ಅದನ್ನು ಯತ್ತಪ್ಪನ ಕಡೆ ಚಾಚಿದಳು.

"ನಂಗ್ ಓದಕ್ ಬರಲ್ಲ," ಎಂದರು ಯತ್ತಪ್ಪ. "ನೀನೇ ಓದು."

ಅವಳು ಓದಲು ಶುರುಮಾಡಿದಳು. ದನಿ ಏಳಲಿಲ್ಲ. ಕೇಳ್ತಿಲ್ಲ ಎಂದು ಯಾರೋ ಹೇಳಿದರು. ಅವಳು ಮೊದಲಿನಿಂದ ಓದಿದಳು:

"ಚಳ್ಳಕೆರೆಯವರ ಮದುವೆ ಸೀರೆಯ ಅಂಚನ್ನು ಯತ್ತಪ್ಪನವರು ಯಾರಿಗೂ ತೋರಿಸಿಲ್ಲ. ತೋರಿಸಿದವಳು ನಾನು. ಈ ಪುಟದಲ್ಲಿ ಅದನ್ನು ಇಟ್ಟು, ತೆಗೆಯುವ ಬದಲು ಮುಚ್ಚಿದೆ. ಯಾರು ಬೇಕಾದರೂ ತೆಗೆದುಕೊಳ್ಳುವ ಜಾಗದಲ್ಲಿ ಇಟ್ಟೆ. ಯತ್ತಪ್ಪನವರ ಮೇಲೆ ಮಾತು ಬಂದಾಗ ನನಗೆ ಸತ್ಯ ಗೊತ್ತಿತ್ತು. ಎರಡು ದಿನ ಸುಮ್ಮನಿದ್ದೆ. ವೆಂಕಟೇಶಪ್ಪನವರ ಮಗಳು ಹರಿಪ್ರಿಯಾ."

ಕೊನೆಯ ಸಾಲಿನ ಹೊತ್ತಿಗೆ ಬೀದಿಯ ಆ ಬದಿಯಿಂದಲೂ ಜನ ಬಂದು ನಿಂತಿದ್ದರು. ಯಾರೂ ನಗಲಿಲ್ಲ. ಬರೆಯುವಾಗ ಅಷ್ಟು ಚಿಕ್ಕದಾಗಿದ್ದ 'ಎರಡು ದಿನ' ಎಂಬ ಮಾತು ಬಾಯಿಂದ ಹೊರಗೆ ಬಂದಾಗ ಎಷ್ಟು ದೊಡ್ಡದು ಎಂದು ಅವಳಿಗೆ ಆಗ ತಿಳಿಯಿತು. ಮೊಬೈಲನ್ನು ಪಾಲಮ್ಮನ ಕೈಗೆ ಕೊಟ್ಟಳು. ಬರಿಗಾಲಿಗೆ ಬೀದಿಯ ಕಲ್ಲು ಚುಚ್ಚುತ್ತಿದ್ದದ್ದು ಮನೆಗೆ ತಿರುಗಿ ನಡೆಯುವಾಗ ಗೊತ್ತಾಯಿತು.

ಮಾರನೆಯ ದಿನ ಏಳು ಗಂಟೆಗೆ ಯತ್ತಪ್ಪ ಬಂದರು. ವೆಂಕಟೇಶಪ್ಪ ಜಗಲಿಯಿಂದ ಎದ್ದು ನಿಂತರು, ಕೈ ಮುಗಿದರು. ಯತ್ತಪ್ಪ ಅವರ ಕೈ ಹಿಡಿದು ಕೆಳಗಿಳಿಸಿ, ಗುಂಡಿಗೆ ಇಳಿದರು. ಒಂಬತ್ತು ದಿನ ನೇಯ್ದರು. ಹರಿಪ್ರಿಯಾ ದಿನವೂ ಎರಡು ಹೊತ್ತು ಚಹಾ ಇಡುತ್ತಿದ್ದಳು. ಅವರು ಕುಡಿಯುತ್ತಿದ್ದರು, ಲೋಟ ತೊಳೆದಿಡುತ್ತಿದ್ದರು. ಮಾತಿಲ್ಲ. ಪುಟದ ಮೇಲೆ ಆ ಕಪ್ಪು ಅಕ್ಷರಗಳು ಒಂಬತ್ತು ದಿನವೂ ಹಾಗೇ ಇದ್ದವು. ಅವಳು ಪ್ರತಿದಿನ ಬೇರೆ ಬೇರೆಯವರ ಮೊಬೈಲು ಕೇಳಿ ತೆಗೆದುಕೊಂಡು, ಬಂದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ಹತ್ತನೆಯ ದಿನ ಸೀರೆಯನ್ನು ಮಗ್ಗದಿಂದ ಕತ್ತರಿಸಿದರು. ಅಂಚಿನುದ್ದಕ್ಕೂ ಒಂದೇ ಕೈ. ನಿಂತು ಹೋದ ಜಾಗ ಎಲ್ಲಿ ಎಂದು ಹುಡುಕಿದರೂ ಸಿಗಲಿಲ್ಲ. ಓಬಳಮ್ಮ ಅರಿಶಿನ ಕುಂಕುಮ ಇಟ್ಟರು. ಯತ್ತಪ್ಪ ಪಂಚೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿದರು. ಅದು ಅವರದೇ ಪಂಚೆ, ಹತ್ತೊಂಬತ್ತು ವರ್ಷದಿಂದ ಪ್ರತಿ ಮದುವೆ ಸೀರೆಗೂ ಅದನ್ನೇ ಹೊದಿಸಿದ್ದರು. ಹರಿಪ್ರಿಯಾಳ ಮುಂದೆ ಬಂದು ಅದನ್ನು ಅವಳ ಕೈಯಲ್ಲಿಟ್ಟರು.

"ಇದು ನಿನ್ ಹತ್ರ ಇರ್ಲಿ," ಎಂದರು.

ವಾರ ಕಳೆದ ಮೇಲೆ ಅವರು ಅದೇ ಬೀದಿಯ ಕೊನೆಯ ಮನೆಯಲ್ಲಿ ಮಗ್ಗ ಹಿಡಿದರು. ಯಾಕೆ ಎಂದು ವೆಂಕಟೇಶಪ್ಪ ಕೇಳಲಿಲ್ಲ.

ಈಗ ಹರಿಪ್ರಿಯಾಳ ಪುಟ ಮತ್ತೆ ಸರ್ವರಿನಲ್ಲಿದೆ. ಅಂಚುಗಳು ಒಂಬತ್ತು. ಸೆರಗು ತಪ್ಪುತ್ತಿದ್ದದ್ದನ್ನು ಎರಡು ದಿನ ಕೂತು ಸರಿಮಾಡಿದಳು. ಆಗಲೇ ಮಾಡಬಹುದಾಗಿದ್ದ ಕೆಲಸ. ಏನನ್ನಾದರೂ ಏರಿಸುವ ಮುಂಚೆ ಫೈಲುಗಳನ್ನು ಎಣಿಸುತ್ತಾಳೆ, ಮತ್ತು ಒಂದೊಂದನ್ನೂ ತೆರೆದು, ಇದು ಹೋಗಬೇಕೇ ಎಂದು ನೋಡುತ್ತಾಳೆ. ಎರಡನೆಯ ಮಗ್ಗದಲ್ಲಿ ಈಗ ತಂದೆ ಕೂರುತ್ತಾರೆ, ಮದುವೆ ಸೀರೆ ಒಪ್ಪಿಕೊಳ್ಳುವುದಿಲ್ಲ. ಪಂಚೆ ಅವಳ ಪೆಟ್ಟಿಗೆಯಲ್ಲಿದೆ. ಇನ್ನೂ ಯಾವುದಕ್ಕೂ ಹೊದಿಸಿಲ್ಲ.

ರೇಷ್ಮೆ ತರಲು ಹೋಗುವಾಗ ಆ ಕೊನೆಯ ಮನೆಯ ಮುಂದೆಯೇ ಹಾದು ಹೋಗಬೇಕು. ಬಾಗಿಲು ತೆರೆದಿರುತ್ತದೆ, ಒಳಗೆ ಯತ್ತಪ್ಪನ ಮಗ್ಗ, ಮೇಲೆ ಹೊಸ ಪಂಚೆ. ಎಲ್ಲರೂ ಅಲ್ಲಿ ಕಣ್ಣು ತಗ್ಗಿಸಿ ಹಾದು ಹೋಗುತ್ತಾರೆ. ಅವಳೂ ತಗ್ಗಿಸುತ್ತಾಳೆ, ಆ ಮನೆ ಬರುವುದಕ್ಕೆ ನಾಲ್ಕು ಮನೆ ಮುಂಚಿನಿಂದಲೇ.